ಮೀಟರ್ ಡಬ್ಬಿಯಿಂದ ಕಡೇ ಚೇಂಬರ್‌ವರೆಗೆ: ಬೆಂಗಳೂರಿನ ನೀರಿನ ಬಿಲ್ಲು ಮತ್ತು ನಮ್ಮ ಹೊಣೆ

ಈ ಸಭೆಗೆ ಬರುವಾಗ ಹಳೆಯ ನೀರಿನ ಬಿಲ್ಲು ತನ್ನಿ ಎಂದು ಹೇಳಿದ್ದೆವು. ತಂದವರು ಅದನ್ನು ಕೈಯಲ್ಲಿ ಹಿಡಿದುಕೊಳ್ಳಿ. ಮೊತ್ತವನ್ನು ಆಮೇಲೆ ನೋಡೋಣ, ಮೊದಲು ಆರ್.ಆರ್. ಸಂಖ್ಯೆ ನೋಡಿ. ಜಲಮಂಡಳಿಯ ಲೆಕ್ಕದಲ್ಲಿ ನಿಮ್ಮ ಮನೆ ಅಂದರೆ ಆ ಸಂಖ್ಯೆಯೇ. ದೂರು, ಹಣ ಕಟ್ಟುವುದು, ಹೆಸರು ಬದಲಾವಣೆ ಎಲ್ಲಕ್ಕೂ ಅದು ಬೇಕು. ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಸಾಕು.

ಅದರ ಕೆಳಗೆ ಹಿಂದಿನ ರೀಡಿಂಗ್, ಈಗಿನ ರೀಡಿಂಗ್ ಎಂದು ಎರಡು ಅಂಕಿಗಳಿವೆ. ಇವೆರಡರ ವ್ಯತ್ಯಾಸವೇ ನಿಮ್ಮ ಬಳಕೆ. ಬಿಲ್ಲಿನಲ್ಲಿ ಉಳಿದದ್ದೆಲ್ಲ ಹೆಚ್ಚುಕಡಿಮೆ ಈ ವ್ಯತ್ಯಾಸದಿಂದ ಹುಟ್ಟಿದ್ದು. ಆದ್ದರಿಂದ ಬಿಲ್ಲಿನ ಬಗ್ಗೆ ತಕರಾರು ಇದ್ದವರು ಮೊದಲು ಮೀಟರ್ ಡಬ್ಬಿಯ ಮುಚ್ಚಳ ತೆಗೆಯಬೇಕು. ಬಹಳ ಜನ ಅದನ್ನು ವರ್ಷಗಟ್ಟಲೆ ತೆಗೆದೇ ಇರುವುದಿಲ್ಲ. ಮೇಲೆ ಹೂಕುಂಡ ಕೂತಿರುತ್ತದೆ, ಇಲ್ಲವೇ ಸ್ಕೂಟರ್ ನಿಂತಿರುತ್ತದೆ.

ಮೀಟರ್ ಮುಖದಲ್ಲಿ ಕಪ್ಪು ಅಂಕಿಗಳು ಸಾವಿರ ಲೀಟರ್ ಲೆಕ್ಕದವು, ಅಂದರೆ ಕಿಲೋಲೀಟರ್. ಕೆಂಪು ಅಂಕಿಗಳು ಅಥವಾ ಕೆಂಪು ಮುಳ್ಳಿನ ಸಣ್ಣ ವೃತ್ತಗಳು ಅದಕ್ಕಿಂತ ಕಡಿಮೆಯವು: ನೂರು, ಹತ್ತು, ಒಂದು ಲೀಟರ್. ನಡುವೆ ನಕ್ಷತ್ರದ ಆಕಾರದ ಪುಟ್ಟ ಚಕ್ರ ಇರುತ್ತದೆ. ಸೂಕ್ಷ್ಮ ಹರಿವಿಗೂ ತಿರುಗುವುದು ಅದೇ. ಸೋರಿಕೆ ಹುಡುಕುವವನಿಗೆ ಕಪ್ಪು ಅಂಕಿಗಿಂತ ಆ ಚಕ್ರವೇ ಮುಖ್ಯ.

ಈಗ ಸ್ಲ್ಯಾಬ್, ಅಂದರೆ ಬಳಕೆ ಹೆಚ್ಚಿದಂತೆ ದರ ಏರುವ ಹಂತಗಳ ವಿಷಯಕ್ಕೆ ಬರೋಣ. 2014ರಲ್ಲಿ ನಿಗದಿಯಾದ ದರವೇ ಹನ್ನೊಂದು ವರ್ಷದ ಹತ್ತಿರ ನಡೆಯಿತು. 2025ರ ಏಪ್ರಿಲ್‌ನಲ್ಲಿ ಏರಿಕೆ ಬಂತು, ಇನ್ನು ಮುಂದೆ ಪ್ರತಿ ಏಪ್ರಿಲ್‌ನಲ್ಲಿ 3% ಏರುತ್ತದೆ ಎಂದೂ ಹೇಳಿದರು. ಗೃಹಬಳಕೆಗೆ ಆದ ಏರಿಕೆ ಸ್ಲ್ಯಾಬ್ ನೋಡಿಕೊಂಡು ಲೀಟರಿಗೆ 0.15 ಪೈಸೆಯಿಂದ 1 ಪೈಸೆವರೆಗೆ. ಇದನ್ನು ಓದಿ ಕೆಲವರು ಹದಿನೈದು ಪೈಸೆ ಎಂದುಕೊಂಡರು, ಕೆಲವರು ಒಂದು ಪೈಸೆ ಯಾವ ಲೆಕ್ಕ ಎಂದು ನಕ್ಕರು. ಎರಡೂ ತಪ್ಪು. ಲೀಟರಿಗೆ 0.15 ಪೈಸೆ ಅಂದರೆ ಸಾವಿರ ಲೀಟರಿಗೆ ಒಂದೂವರೆ ರೂಪಾಯಿ, 1 ಪೈಸೆ ಅಂದರೆ ಸಾವಿರ ಲೀಟರಿಗೆ ಹತ್ತು ರೂಪಾಯಿ.

ಲೆಕ್ಕ ಕಲಿಯುವುದಕ್ಕೆ ನಾನು ಹಳೆಯ ದರವನ್ನೇ ಇಟ್ಟುಕೊಳ್ಳುತ್ತೇನೆ, ಅಂಕಿಗಳು ಸುಲಭ. ನೀವು ಮನೆಗೆ ಹೋಗಿ ಈಗಿನ ದರ ಹಾಕಿ ಇದೇ ಲೆಕ್ಕ ಮಾಡಿ. 2014ರ ದರ ಹೀಗಿತ್ತು: ಮೊದಲ 8 ಸಾವಿರ ಲೀಟರಿನವರೆಗೆ ಸಾವಿರಕ್ಕೆ 7 ರೂಪಾಯಿ, 8ರಿಂದ 25 ಸಾವಿರದವರೆಗೆ 11, 25ರಿಂದ 50 ಸಾವಿರದವರೆಗೆ 26, ಆಮೇಲೆ 45. ಆದಾಯ ತೆರಿಗೆಯಂತೆಯೇ ಇದು. 26 ಸಾವಿರ ಬಳಸಿದಿರಿ ಎಂದರೆ ಅಷ್ಟಕ್ಕೂ 26 ರೂಪಾಯಿ ದರ ಬೀಳುವುದಿಲ್ಲ, ಕಡೆಯ ಒಂದು ಸಾವಿರಕ್ಕೆ ಮಾತ್ರ.

ನಾಲ್ಕು ಜನರ ಮನೆ, ತಲೆಗೆ ದಿನಕ್ಕೆ 135 ಲೀಟರ್ ಎಂದಿಟ್ಟುಕೊಳ್ಳಿ. ಯೋಜನೆ ಮಾಡುವವರು ಹಿಡಿಯುವ ಲೆಕ್ಕ ಇದು. ತಿಂಗಳಿಗೆ 16,200 ಲೀಟರ್, ಹದಿನಾರು ಸಾವಿರ ಎನ್ನೋಣ. ಮೊದಲ ಎಂಟಕ್ಕೆ 56, ಮುಂದಿನ ಎಂಟಕ್ಕೆ 88, ಒಟ್ಟು 144 ರೂಪಾಯಿ. ಇದು ನೀರಿನ ಶುಲ್ಕ ಮಾತ್ರ. ಅದರ ಮೇಲೆ ಮೀಟರ್ ಶುಲ್ಕ, ಒಳಚರಂಡಿ ಶುಲ್ಕ ಬೇರೆ.

ಬಾಗಿಲಿಗೆ ಬೀಗ ಹಾಕಿದ್ದಾಗ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ತಕರಾರುಗಳ ದೊಡ್ಡ ಪಾಲು ಹುಟ್ಟುವುದು ಇಲ್ಲಿಯೇ. ಮೀಟರ್ ರೀಡರ್ ಬಂದಾಗ ಗೇಟಿಗೆ ಬೀಗ, ಅಥವಾ ಮೀಟರ್ ಗಾಜಿನ ಒಳಗೆ ಮಂಜು ಕಟ್ಟಿ ಅಂಕಿ ಕಾಣುವುದಿಲ್ಲ. ಆಗ ಸರಾಸರಿ ಬಿಲ್ಲೋ ಕನಿಷ್ಠ ಬಿಲ್ಲೋ ಬರುತ್ತದೆ. ಮೂರನೇ ತಿಂಗಳು ರೀಡಿಂಗ್ ಸಿಕ್ಕಿತು, ಬಳಕೆ ಒಟ್ಟಿಗೆ 48 ಸಾವಿರ. ಇದನ್ನು ಒಂದೇ ತಿಂಗಳ ಬಳಕೆ ಎಂದು ಸ್ಲ್ಯಾಬಿಗೆ ಹಾಕಿದರೆ 56 ಕೂಡಿಸು 187 ಕೂಡಿಸು 598, ಅಂದರೆ 841 ರೂಪಾಯಿ. ಮೂರು ತಿಂಗಳಿಗೆ ಹಂಚಿ ಹಾಕಿದರೆ 144ರಂತೆ ಮೂರು ಸಲ, 432. ನೀರು ಅಷ್ಟೇ, ಬಿಲ್ಲು ಹತ್ತಿರಹತ್ತಿರ ಇಮ್ಮಡಿ. ಇಂಥ ಬಿಲ್ಲು ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಸ್ಲ್ಯಾಬನ್ನು ಎಷ್ಟು ತಿಂಗಳಿಗೆ ಹಂಚಿದ್ದೀರಿ, ನಡುವೆ ನಾನು ಕಟ್ಟಿದ ಹಣ ಕಳೆದಿದ್ದೀರಾ? ಉಪವಿಭಾಗದ ಕಚೇರಿಗೆ ಹಳೆಯ ಬಿಲ್ಲುಗಳ ಜೊತೆ ಹೋಗಿ ಹೀಗೆ ಕೇಳಿ. ‘ಬಿಲ್ಲು ಜಾಸ್ತಿ ಬಂದಿದೆ, ನೋಡಿ’ ಎಂದರೆ ಯಾರೂ ಏನನ್ನೂ ನೋಡುವುದಿಲ್ಲ.

ಕೆಳಗೊಂದು ಮನೆ, ಮೇಲೆ ಎರಡು ಬಾಡಿಗೆ ಮನೆ, ಎಲ್ಲಕ್ಕೂ ಒಂದೇ ಮೀಟರ್ ಇರುವ ಕಡೆಯೂ ಇದೇ 48 ಸಾವಿರದ ಲೆಕ್ಕ ಬರುತ್ತದೆ. ನಿಮ್ಮ ಸಂಪರ್ಕ ಎಷ್ಟು ಮನೆಗಳದ್ದೆಂದು ದಾಖಲಾಗಿದೆ, ಯಾವ ವರ್ಗದಲ್ಲಿದೆ ಎಂದು ವಿಚಾರಿಸಿ. ಅಪಾರ್ಟ್‌ಮೆಂಟುಗಳ ದರಪಟ್ಟಿಯೇ ಬೇರೆ. ನೆಲಮಹಡಿಯಲ್ಲಿ ಹಿಂದೊಮ್ಮೆ ಅಂಗಡಿ ಇದ್ದು ಮುಚ್ಚಿದ್ದರೆ, ಇನ್ನೂ ವಾಣಿಜ್ಯ ದರದಲ್ಲೇ ಬಿಲ್ಲು ಬರುತ್ತಿದೆಯೇ ಎಂದೂ ನೋಡಿ. ಅದನ್ನು ಯಾರೂ ತಾವಾಗಿ ಬದಲಿಸುವುದಿಲ್ಲ, ನೀವೇ ಅರ್ಜಿ ಕೊಡಬೇಕು.

ನೀರಿಗೆ ಇಷ್ಟು ದುಡ್ಡೇಕೆ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳುತ್ತಿದ್ದಾರೆ. ಸ್ವಲ್ಪ ದಾರಿ ಬಿಟ್ಟು ಹೋಗೋಣ. ಈ ಊರಿಗೆ ಮೊದಲು ಅರ್ಕಾವತಿಯ ನೀರು ಇತ್ತು. ಹೆಸರಘಟ್ಟ, ಆಮೇಲೆ 1933ರಲ್ಲಿ ತಿಪ್ಪಗೊಂಡನಹಳ್ಳಿ. ಕಾವೇರಿ ಬಂದದ್ದು 1974ರಲ್ಲಿ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ, ಹಾರೋಹಳ್ಳಿ, ತಾತಗುಣಿ ಎಂದು ಮಧ್ಯೆ ಮಧ್ಯೆ ಪಂಪು ಹಾಕಿ ಎತ್ತುತ್ತಾರೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಶುರುವಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ತರುವ ವ್ಯವಸ್ಥೆ ಆಯಿತು. ಇದೆಲ್ಲ ಕರೆಂಟಿನ ಮೇಲೆ ನಡೆಯುವ ನೀರು. ಮಂಡಳಿ ಕಟ್ಟುವ ವಿದ್ಯುತ್ ಬಿಲ್ಲಿನ ಒಂದು ಚೂರು ನಿಮ್ಮ ನೀರಿನ ಬಿಲ್ಲಿನಲ್ಲಿದೆ.

ವಾಪಸ್ ಮೀಟರಿಗೆ. ‘ನಮ್ಮ ಮೀಟರ್ ಗಾಳಿಗೆ ಓಡುತ್ತದೆ’ ಎಂಬ ದೂರು ಸುಳ್ಳಲ್ಲ. ಎರಡು ದಿನಕ್ಕೊಮ್ಮೆ, ಮೂರು ದಿನಕ್ಕೊಮ್ಮೆ ನೀರು ಬಿಡುವ ಕಡೆ ಕೊಳವೆ ಖಾಲಿಯಾಗಿ ಗಾಳಿ ತುಂಬಿರುತ್ತದೆ. ನೀರು ಬಿಟ್ಟಾಗ ಅದು ಗಾಳಿಯನ್ನು ಮುಂದೆ ದಬ್ಬುತ್ತದೆ, ಗಾಳಿ ಮೀಟರಿನ ಚಕ್ರವನ್ನು ತಿರುಗಿಸುತ್ತದೆ. ಆದರೆ ನಿಮ್ಮ ಮನೆಯಲ್ಲಿ ಹೀಗೆ ಎಷ್ಟು ಲೆಕ್ಕ ಸೇರುತ್ತಿದೆ ಎಂಬುದನ್ನು ಅಳೆದೇ ಹೇಳಬೇಕು. ಅಳೆಯುವುದು ಕಷ್ಟವಲ್ಲ, ಸಂಪು, ಅಂದರೆ ನೆಲದಡಿಯ ನೀರಿನ ತೊಟ್ಟಿ ಇದ್ದರೆ ಸಾಕು.

ಸಂಪಿನ ಒಳ ಅಳತೆ 8 ಅಡಿ ಉದ್ದ, 6 ಅಡಿ ಅಗಲ ಎನ್ನಿ. ಒಂದು ಅಂಗುಲ ನೀರು ಅಂದರೆ 4 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್, ಹಾಗಾಗಿ ಅಂಗುಲಕ್ಕೆ 113 ಲೀಟರ್. ನೀರು ಬರುವ ಮುಂಚೆ ಮೋಟಾರ್ ಆಫ್ ಮಾಡಿ, ಸಂಪಿನಿಂದ ಏನೂ ತೆಗೆಯಬೇಡಿ. ಉದ್ದನೆಯ ಪಿವಿಸಿ ಪೈಪೋ ಕೋಲೋ ಇಳಿಸಿ ನೀರಿನ ಮಟ್ಟ ಗುರುತು ಹಾಕಿ, ಮೀಟರಿನ ಕೆಂಪು ಅಂಕಿಯವರೆಗೂ ಬರೆದುಕೊಳ್ಳಿ. ನೀರು ನಿಂತ ಮೇಲೆ ಎರಡನ್ನೂ ಮತ್ತೆ ನೋಡಿ. ಮಟ್ಟ 20 ಅಂಗುಲ ಏರಿದ್ದರೆ ಸುಮಾರು 2,260 ಲೀಟರ್ ಬಂದಿರಬೇಕು. ಮೀಟರ್ 2,300 ತೋರಿಸಿದರೆ ಗಲಾಟೆ ಬೇಡ. ಒಳ್ಳೆಯ ಮೀಟರಿಗೂ ಸಾಮಾನ್ಯ ಹರಿವಿನಲ್ಲಿ 2%, ತೀರಾ ಕಡಿಮೆ ಹರಿವಿನಲ್ಲಿ 5% ಹೆಚ್ಚುಕಡಿಮೆಗೆ ಅವಕಾಶವಿದೆ, ನಿಮ್ಮ ಕೋಲಿನ ಅಳತೆಯೂ ಅಷ್ಟೇನೂ ನಿಖರವಲ್ಲ. 2,700 ತೋರಿಸಿದರೆ ಮಾತಾಡಬೇಕು. ಮೂರು ಸಲ ಹೀಗೆ ಅಳೆದು ದಿನಾಂಕದೊಂದಿಗೆ ಬರೆದು, ಮೀಟರ್ ಪರೀಕ್ಷೆ ಮಾಡಿಸಿ ಎಂದು ಅರ್ಜಿ ಕೊಡಿ.

ಒಂದು ಕಹಿ ಮಾತನ್ನೂ ಹೇಳಿಬಿಡುತ್ತೇನೆ. ಹಳೆಯದಾದ ಯಾಂತ್ರಿಕ ಮೀಟರ್ ಸಾಮಾನ್ಯವಾಗಿ ಕಡಿಮೆಯೇ ತೋರಿಸುತ್ತದೆ. ಸವೆದ ಚಕ್ರ ಸಣ್ಣ ಹರಿವಿಗೆ ಅಲುಗುವುದಿಲ್ಲ. ಹೊಸ ಮೀಟರ್ ಹಾಕಿದ ತಿಂಗಳು ಬಿಲ್ಲು ಏರಿದರೆ ಹೊಸದು ಕೆಟ್ಟಿದೆ ಎಂದು ಅರ್ಥವಲ್ಲ. ಯಾರಾದರೂ ‘ಸೀಲ್ ತೆಗೆದು ಸರಿ ಮಾಡಿಕೊಡುತ್ತೇನೆ’ ಎಂದರೆ ಒಪ್ಪಬೇಡಿ. ಸೀಲ್ ಒಡೆದ ಮೀಟರಿನ ಮೇಲೆ ನಿಮ್ಮ ವಾದಕ್ಕೆ ಬೆಲೆ ಇರುವುದಿಲ್ಲ, ಜೊತೆಗೆ ಅದು ನಿಮ್ಮ ಕಾವಲಿನಲ್ಲಿರುವ ವಸ್ತು.

ಸೋರಿಕೆಗೆ ಬರೋಣ. ಮೀಟರ್ ಆದ ಮೇಲಿನ ಪ್ರತಿ ಹನಿಯೂ ನಿಮ್ಮ ಲೆಕ್ಕ. ನಮ್ಮ ಊರಿನ ಮನೆಗಳಲ್ಲಿ ನೀರು ಮೂರು ಘಟ್ಟ ದಾಟುತ್ತದೆ: ಮೀಟರಿನಿಂದ ಸಂಪು, ಸಂಪಿನಿಂದ ಮೇಲಿನ ಟ್ಯಾಂಕು, ಟ್ಯಾಂಕಿನಿಂದ ನಲ್ಲಿ. ಎಲ್ಲ ನಲ್ಲಿ ಮುಚ್ಚಿ ಮೀಟರ್ ನೋಡಿ ಎಂಬ ಸಲಹೆ ನಲ್ಲಿ ನೇರವಾಗಿ ಕೊಳವೆಗೆ ಸೇರಿರುವ ಮನೆಗೆ ಸರಿ, ಸಂಪು ಇರುವ ಮನೆಗೆ ಸಾಲದು. ಘಟ್ಟಕ್ಕೊಂದು ಪರೀಕ್ಷೆ ಬೇಕು.

ನೀರು ಬರುತ್ತಿರುವಾಗ ಸಂಪಿನ ಫ್ಲೋಟ್ ವಾಲ್ವಿನ ಗುಂಡನ್ನು ಮೇಲೆತ್ತಿ ಹಿಡಿಯಿರಿ. ಒಳಬರುವ ನೀರು ಪೂರ್ತಿ ನಿಲ್ಲಬೇಕು, ಆಗ ಮೀಟರಿನ ನಕ್ಷತ್ರವೂ ನಿಲ್ಲಬೇಕು. ನೀರು ನಿಂತೂ ನಕ್ಷತ್ರ ತಿರುಗುತ್ತಿದ್ದರೆ ಮಧ್ಯದ ಕೊಳವೆ ಸೋರುತ್ತಿದೆ. ನೀರೇ ನಿಲ್ಲದಿದ್ದರೆ ವಾಲ್ವಿನ ವಾಷರ್ ಹೋಗಿದೆ. ನಡುರಾತ್ರಿ ನೀರು ಬಿಡುವ ಬಡಾವಣೆಗಳಲ್ಲಿ ಇದು ಬಹಳ ದುಬಾರಿ, ಸಂಪು ತುಂಬಿ ಹೊರ ಹರಿದು ಚರಂಡಿ ಸೇರಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡನೆಯದಾಗಿ, ನೀರು ಬರದ ದಿನ ರಾತ್ರಿ ಮೋಟಾರ್ ಹಾಕದೆ ಸಂಪಿನ ಮಟ್ಟ ಗುರುತಿಸಿ ಬೆಳಗ್ಗೆ ನೋಡಿ. ಒಂದು ಅಂಗುಲ ಇಳಿದಿದ್ದರೆ ನಮ್ಮ ಲೆಕ್ಕದ ಸಂಪಿನಲ್ಲಿ 113 ಲೀಟರ್ ಮಣ್ಣಿಗೆ ಹೋಗಿದೆ. ಮೂರನೆಯದಕ್ಕೆ ಟ್ಯಾಂಕ್ ತುಂಬಿಸಿ, ಮನೆಯವರೆಲ್ಲ ಮಲಗಿದ ಮೇಲೆ ಅದೇ ರೀತಿ ಅಳೆಯಿರಿ.

ಟ್ಯಾಂಕಿನ ಮಟ್ಟ ಇಳಿದಿದ್ದರೆ ಹತ್ತಕ್ಕೆ ಎಂಟು ಸಲ ಕಾರಣ ಶೌಚಾಲಯದ ಫ್ಲಶ್. ಸಿಸ್ಟರ್ನಿನ ನೀರಿಗೆ ಅಡುಗೆ ಬಣ್ಣ ಚಿಟಿಕೆ ಹಾಕಿ, ಇಪ್ಪತ್ತು ನಿಮಿಷ ಫ್ಲಶ್ ಮಾಡದೆ ಬಿಡಿ. ಕಮೋಡಿನಲ್ಲಿ ಬಣ್ಣ ಇಳಿದಿದ್ದರೆ ತಳದ ರಬ್ಬರ್ ಹೋಗಿದೆ. ನಿಮಿಷಕ್ಕೆ ಕಾಲು ಲೀಟರ್ ಸೋರಿದರೂ ದಿನಕ್ಕೆ 360, ತಿಂಗಳಿಗೆ 10,800 ಲೀಟರ್. ಹದಿನಾರು ಸಾವಿರದ ಮನೆ ಇಪ್ಪತ್ತೇಳು ಸಾವಿರಕ್ಕೆ ಏರಿ ಮೂರನೇ ಸ್ಲ್ಯಾಬಿಗೆ ಕಾಲಿಟ್ಟಿತು. ಹಳೆಯ ದರದಲ್ಲೂ 144 ಇದ್ದದ್ದು 295 ಆಗುತ್ತದೆ. ಹೋಲಿಸಿದರೆ ನಲ್ಲಿ ತೊಟ್ಟಿಕ್ಕುವುದು ಸಣ್ಣ ವಿಷಯ. ಗಂಟೆಗೆ ಒಂದು ಲೀಟರ್ ಬಾಟಲಿ ತುಂಬಿದರೂ ತಿಂಗಳಿಗೆ 720 ಲೀಟರ್. ತೊಟ್ಟಿಕ್ಕುವ ಸದ್ದು ಕೇಳಿಸುತ್ತದೆ, ಹಾಗಾಗಿ ಅದನ್ನು ರಿಪೇರಿ ಮಾಡಿಸುತ್ತೇವೆ. ಫ್ಲಶ್ ಸದ್ದಿಲ್ಲದೆ ಸೋರುತ್ತದೆ. ಕಾವೇರಿ ನೀರು ಸಾಲದೆ ಟ್ಯಾಂಕರ್ ತರಿಸುವ ಎಷ್ಟೋ ಮನೆಗಳು ಈ ಸೋರಿಕೆಗೇ ಟ್ಯಾಂಕರಿನ ದುಡ್ಡು ಸುರಿಯುತ್ತಿವೆ.

ಬೀದಿಯ ಕೊಳವೆಗೆ ನೇರ ಮೋಟಾರ್ ಹಾಕಿ ಎಳೆಯುವವರ ಬಗ್ಗೆ ಒಂದು ಮಾತು. ಅದು ಅಪರಾಧ ಎಂಬುದು ಎಲ್ಲರಿಗೂ ಗೊತ್ತು, ಆದರೂ ನಡೆಯುತ್ತದೆ. ಎಳೆದಾಗ ಕೊಳವೆಯೊಳಗೆ ಒತ್ತಡ ಸೊನ್ನೆಗಿಂತ ಕೆಳಗಿಳಿಯುತ್ತದೆ. ಎಲ್ಲಿ ಬಿರುಕಿದೆಯೋ ಅಲ್ಲಿಂದ ಹೊರಗಿನ ನೀರು ಒಳಗೆ ಬರುತ್ತದೆ. ಹಳೆಯ ಬಡಾವಣೆಗಳಲ್ಲಿ ನೀರಿನ ಕೊಳವೆಯ ಪಕ್ಕದಲ್ಲೇ ಒಳಚರಂಡಿ ಹೋಗಿರುವುದು ನಿಮಗೆ ಗೊತ್ತಿರಬಹುದು. ಎಳೆದವನ ಸಂಪಿಗೆ ಮಾತ್ರವಲ್ಲ, ಬೀದಿಯವರಿಗೆಲ್ಲ ಆ ನೀರು ಹಂಚಿಕೆಯಾಗುತ್ತದೆ.

ಈಗ ಬಿಲ್ಲಿನ ಇನ್ನೊಂದು ಸಾಲು, ಒಳಚರಂಡಿ ಶುಲ್ಕ. ಹೊರಹೋಗುವ ನೀರಿಗೆ ಮೀಟರ್ ಇಲ್ಲ. ಬಂದ ನೀರಿನಲ್ಲಿ ಸುಮಾರು 80% ಚರಂಡಿಗೆ ಹೋಗುತ್ತದೆ ಎಂಬುದು ಇಂಜಿನಿಯರುಗಳು ಹಿಡಿಯುವ ಲೆಕ್ಕ, ಆದ್ದರಿಂದ ಶುಲ್ಕವನ್ನು ನೀರಿನ ಶುಲ್ಕಕ್ಕೆ ಜೋಡಿಸಿದ್ದಾರೆ. ನೀರಿನ ಸೋರಿಕೆ ನಿಂತರೆ ಈ ಸಾಲೂ ಇಳಿಯುತ್ತದೆ. ಬೋರ್‌ವೆಲ್ ಇದ್ದವರಿಗೆ ಇನ್ನೊಂದು ಸಾಲು ಬರುತ್ತದೆ. ‘ಬೋರ್ ನನ್ನದು, ನೀರು ನನ್ನದು, ಮಂಡಳಿಗೆ ಯಾಕೆ ಕೊಡಬೇಕು?’ ಎನ್ನುತ್ತಾರೆ. ನೀರು ನಿಮ್ಮದಿರಬಹುದು, ಬಳಸಿದ ಮೇಲೆ ಅದು ಹೋಗುವುದು ಮಂಡಳಿಯ ಚರಂಡಿಗೆ. ಆ ಶುಲ್ಕ ಕೊಳಚೆ ಸಾಗಿಸಿ ಶುದ್ಧೀಕರಿಸುವುದಕ್ಕೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಶುದ್ಧೀಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಅದರ ಗುಣಮಟ್ಟದ ಬಗ್ಗೆ ಅಲ್ಲಿನವರ ಪ್ರಶ್ನೆಗಳಿವೆ, ಅದು ಬೇರೆಯೇ ಒಂದು ದಿನದ ಮಾತು.

ಚರಂಡಿ ಕಟ್ಟಿಕೊಂಡಾಗ ಯಾರನ್ನು ಕರೆಯಬೇಕು? ಕಾಂಪೌಂಡಿನೊಳಗಿನ ಕಡೇ ಚೇಂಬರ್, ಅಂದರೆ ಮನೆಯ ಕೊಳಚೆ ಬೀದಿಗೆ ಹೊರಡುವ ಮುನ್ನ ಸೇರುವ ಮುಚ್ಚಳದ ಗುಂಡಿ, ಎಲ್ಲಿದೆ ಎಂದು ಮೊದಲು ತಿಳಿದಿರಬೇಕು. ಬಹಳ ಮನೆಗಳಲ್ಲಿ ಅದರ ಮೇಲೆ ಟೈಲ್ಸ್ ಹಾಕಿಬಿಟ್ಟಿರುತ್ತಾರೆ. ಅದರ ಮುಚ್ಚಳ ತೆಗೆದು ನೋಡಿ. ಚೇಂಬರ್ ಖಾಲಿ ಇದ್ದು ಬಚ್ಚಲಲ್ಲಿ ನೀರು ನಿಂತಿದ್ದರೆ ಅಡಚಣೆ ಮನೆಯೊಳಗೆ, ಪ್ಲಂಬರನ್ನು ಕರೆಯಿರಿ. ಚೇಂಬರ್ ತುಂಬಿದ್ದರೆ ರಸ್ತೆಯ ಮ್ಯಾನ್‌ಹೋಲ್ ಸ್ಥಿತಿ ತಿಳಿಯಬೇಕು. ಅದರ ಮುಚ್ಚಳವನ್ನು ನೀವು ಎತ್ತಬೇಡಿ, ಪಕ್ಕದ ಮನೆಯವರ ಚೇಂಬರೂ ತುಂಬಿದೆಯೇ ಕೇಳಿ. ತುಂಬಿದ್ದರೆ ಬೀದಿಯ ಲೈನು ಕಟ್ಟಿದೆ, ಅದು ಮಂಡಳಿಯ ಕೆಲಸ, 1916ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ನಿಮ್ಮದು ಮಾತ್ರ ತುಂಬಿದ್ದರೆ ಚೇಂಬರಿನಿಂದ ಮ್ಯಾನ್‌ಹೋಲಿನವರೆಗಿನ ನಿಮ್ಮ ಮನೆ ಸಂಪರ್ಕದ ಕೊಳವೆಯಲ್ಲಿ ತೊಂದರೆ. ಅಗೆಯಬೇಕಾದರೆ ರಸ್ತೆ ಕತ್ತರಿಸುವ ಅನುಮತಿ ಬೇಕು, ಅದನ್ನು ಕೊಡುವುದು ಮಂಡಳಿಯಲ್ಲ, ನಗರ ಪಾಲಿಕೆ.

ಆ ತುಂಡು ಮತ್ತೆ ಮತ್ತೆ ಕಟ್ಟುವುದಕ್ಕೆ ಕಾರಣ ಸಾಮಾನ್ಯವಾಗಿ ಇಳಿಜಾರು. 4 ಇಂಚಿನ ಕೊಳವೆಗೆ 40 ಅಡಿಗೆ ಒಂದು ಅಡಿ, 6 ಇಂಚಿನದಕ್ಕೆ 60 ಅಡಿಗೆ ಒಂದು ಅಡಿ ಇಳಿಜಾರು ಹಳೆಯ ನಿಯಮ. ಅದಕ್ಕಿಂತ ಸಪಾಟಾದರೆ ಗಟ್ಟಿ ಪದಾರ್ಥ ಕೂರುತ್ತದೆ. ರಸ್ತೆಯನ್ನು ಮೇಲೆ ಮೇಲೆ ಡಾಂಬರು ಹಾಕಿ ಎತ್ತರಿಸಿದಾಗ ಮನೆ ತಗ್ಗಿಗೆ ಬೀಳುತ್ತದೆ, ಆಗ ಬೀದಿಯ ಲೈನು ತುಂಬಿದರೆ ಕೊಳಚೆ ತಗ್ಗಿನ ಮನೆಗೇ ಹಿಮ್ಮುಖವಾಗಿ ಬರುತ್ತದೆ. ಅಂಥ ಮನೆಗೆ ಕಡೇ ಚೇಂಬರಿನಲ್ಲಿ ಹಿಮ್ಮುಖ ಹರಿವು ತಡೆಯುವ ವಾಲ್ವ್ ಹಾಕಿಸಬಹುದು. ಅದನ್ನು ಆಗಾಗ ತೊಳೆಯದಿದ್ದರೆ ಅದೇ ಅಡಚಣೆಯಾಗುತ್ತದೆ ಎಂಬುದೂ ನಿಜ.

ಮಳೆಗಾಲದಲ್ಲಿ ಮ್ಯಾನ್‌ಹೋಲ್ ಉಕ್ಕುವುದಕ್ಕೆ ನಮ್ಮ ಪಾಲೂ ಇದೆ. ತಾರಸಿಯ ಮಳೆನೀರಿನ ಪೈಪನ್ನು ಒಳಚರಂಡಿ ಚೇಂಬರಿಗೆ ಕೊಟ್ಟಿರುವ ಮನೆಗಳು ಎಷ್ಟೋ ಇವೆ. ಸಾವಿರ ಚದರಡಿ ತಾರಸಿಯ ಮೇಲೆ ಒಂದು ಗಂಟೆಯಲ್ಲಿ 20 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1,860 ಲೀಟರ್. ನಾಲ್ಕು ಜನರ ಮನೆಯಿಂದ ದಿನಕ್ಕೆ ಹೊರಡುವ ಕೊಳಚೆ ಸುಮಾರು 430 ಲೀಟರ್. ಅಂದರೆ ನಾಲ್ಕು ದಿನದ ಕೊಳಚೆಯಷ್ಟು ನೀರನ್ನು ಆ ಮನೆ ಒಂದು ಗಂಟೆಯಲ್ಲಿ ಚರಂಡಿಗೆ ಸುರಿಯಿತು. ಬೀದಿಯಲ್ಲಿ ಐವತ್ತು ಮನೆ ಹೀಗೆ ಮಾಡಿದರೆ ಯಾವ ಲೈನು ತಡೆದೀತು? ಆ ಪೈಪನ್ನು ಇಂಗುಗುಂಡಿಗೋ ಸಂಪಿಗೋ ತಿರುಗಿಸಿ. ಜಲಮಂಡಳಿ ಕಾಯ್ದೆಗೆ ಆದ 2009ರ ತಿದ್ದುಪಡಿಯಿಂದ 60×40 ಅಡಿ ನಿವೇಶನದ ಹಳೆಯ ಕಟ್ಟಡಗಳಿಗೂ 30×40ರ ಹೊಸ ಕಟ್ಟಡಗಳಿಗೂ ಮಳೆನೀರು ಕೊಯ್ಲು ಕಡ್ಡಾಯ. ಮಾಡದಿದ್ದರೆ ದಂಡ ಪ್ರತಿ ತಿಂಗಳ ಬಿಲ್ಲಿನಲ್ಲೇ ಬರುತ್ತದೆ. ಮಾಡಿಯೂ ದಂಡ ಬರುತ್ತಿದ್ದರೆ ಪರಿಶೀಲನೆಗೆ ಅರ್ಜಿ ಕೊಟ್ಟಿಲ್ಲ ಎಂದರ್ಥ. ಹೇಗೆ ಮಾಡುವುದು ಎಂದು ಕಣ್ಣಾರೆ ನೋಡಬೇಕೆಂದರೆ ಜಯನಗರ 5ನೇ ಬ್ಲಾಕಿನಲ್ಲಿ ಮಂಡಳಿಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ.

ಚೇಂಬರ್ ಬಗ್ಗೆ ಮಾತಾಡುವಾಗ ಇದನ್ನು ಹೇಳದೆ ಮುಂದೆ ಹೋಗಲಾರೆ. ಕಟ್ಟಿಕೊಂಡ ಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಮನುಷ್ಯನನ್ನು ಇಳಿಸಬೇಡಿ. ‘ಅವನೇ ಒಪ್ಪಿದ, ಸಾವಿರ ರೂಪಾಯಿ ಕೊಟ್ಟೆ’ ಎಂಬುದು ನಿಮ್ಮನ್ನು ಉಳಿಸುವುದಿಲ್ಲ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಇದು ಸಂಸ್ಥೆಗಳಿಗೆ ಮಾತ್ರವಲ್ಲ, ಮನೆ ಮಾಲೀಕರಿಗೂ ಅನ್ವಯಿಸುವ ಅಪರಾಧ. ಮೊದಲ ಸಲವೇ ಎರಡು ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಳಗಿರುವ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ, ಬಿದ್ದವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ನೀರನ್ನು ರಭಸದಿಂದ ಚಿಮ್ಮಿಸಿ ಚರಂಡಿ ಬಿಡಿಸುವ ಜೆಟ್ಟಿಂಗ್ ಯಂತ್ರ ಬರುವವರೆಗೆ ಎರಡು ದಿನ ಕಾಯಬೇಕಾದರೆ ಕಾಯಿರಿ.

ಸಂಪು ಮತ್ತು ಚೇಂಬರ್ ಅಕ್ಕಪಕ್ಕ ಇರುವ ಮನೆಗಳು ಇನ್ನೊಂದು ಎಚ್ಚರ ವಹಿಸಬೇಕು. ಚೇಂಬರಿನ ಗಾರೆ ಬಿರಿದರೆ ಕೊಳಚೆ ಸಂಪಿಗೆ ಜಿನುಗುತ್ತದೆ. ಸಂಪು ಖಾಲಿ ಇರುವಾಗ ಗೋಡೆಯಲ್ಲಿ ಒದ್ದೆ ಕಲೆ ಕಂಡರೆ ಅದೇ ಗುರುತು. ಮೊದಲು ಚೇಂಬರ್ ಗಾರೆ ಸರಿಪಡಿಸಿ, ಆಮೇಲೆ ಸಂಪು ತೊಳೆಸಿ. ತುಂಬಿಸಿದ ಮೇಲೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಒಳ್ಳೆಯ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕಲಸಿ, ತಿಳಿಯನ್ನು ಮಾತ್ರ ಹಾಕಿ ಒಂದು ಗಂಟೆ ಬಿಡಿ. ಐದು ಅಡಿ ಆಳದ ನಮ್ಮ ಲೆಕ್ಕದ ಸಂಪು ತುಂಬಿದಾಗ 6,800 ಲೀಟರ್, ಅದಕ್ಕೆ 17 ಗ್ರಾಂ.

ಕಡೆಗೆ, ಬಾಡಿಗೆ ಮನೆಯ ಬಗ್ಗೆ ಚೀಟಿ ಬರೆದು ಕೇಳಿದ್ದೀರಿ. ಬಾಕಿ ವ್ಯಕ್ತಿಗಲ್ಲ, ಸಂಪರ್ಕಕ್ಕೆ ಅಂಟಿಕೊಂಡಿರುತ್ತದೆ. ಬಾಡಿಗೆದಾರರು ಕಟ್ಟದೆ ಹೋದರೆ ಮಾಲೀಕರಿಂದಲೇ ವಸೂಲಿ. ಮನೆ ಕೊಳ್ಳುವವರು ಇ-ಖಾತೆ, ಋಣಭಾರ ಪತ್ರದ ಜೊತೆಗೆ ಆರ್.ಆರ್. ಸಂಖ್ಯೆ ಪಡೆದು ಬಾಕಿ ಎಷ್ಟಿದೆ ನೋಡಿ, ಮಾರುವವರಿಂದಲೇ ಕಟ್ಟಿಸಿ. ನೋಂದಣಿಯ ದಿನ ಮೀಟರಿನ ಫೋಟೊ ತೆಗೆದು ಇಬ್ಬರೂ ಇಟ್ಟುಕೊಳ್ಳಿ. ಆಮೇಲೆ ಹೆಸರು ಬದಲಾವಣೆಗೆ ಅರ್ಜಿ ಹಾಕಿ. ಸಂಪರ್ಕ ಹಿಂದಿನ ಮಾಲೀಕರ ಹೆಸರಿನಲ್ಲೇ ಇದ್ದರೆ ಮಂಡಳಿ ದೂರು ಕೇಳುವ ಸಭೆಯಾದ ನೀರಿನ ಅದಾಲತ್ತಿನಲ್ಲಿ ದೂರು ಹೇಳಲು ಹೋದಾಗ ‘ನೀವು ಯಾರು?’ ಎಂಬಲ್ಲಿಂದಲೇ ಶುರುವಾಗುತ್ತದೆ.